ಯಾನೆ, ಉರುಫ್ ಮತ್ತು ಚರ್ನಿ ರೋಡ್

ವ್ಯಕ್ತಿಯ ಹೆಸರನ್ನು ಕಾನೂನುಬದ್ಧವಾಗಿ ಬದಲಿಸುವುದಕ್ಕೆಂದೇ ಭಾರತದಲ್ಲಿ ಪ್ರತ್ಯೇಕವಾದ ಕೇಂದ್ರ ಕಾಯಿದೆ ಇಲ್ಲವಾದರೂ, ಆ ಕೆಲಸಕ್ಕೆ ರೂಢಿಯಿಂದಲೇ ಒಂದು ವಿಧಿ ಬೆಳೆದುಬಂದಿದ್ದು, ನಾಮಕರಣಕ್ಕಿರುವಂತೆ ಅದಕ್ಕೂ ಪುರೋಹಿತ, ಮಂತ್ರ, ಸಾಕ್ಷಿ, ದಕ್ಷಿಣೆಗಳೆಲ್ಲವೂ ಇವೆ. ತೊಟ್ಟಿಲ ಶಾಸ್ತ್ರದಲ್ಲಿ ಹೆಸರನ್ನು ಕೂಸಿನ ಕಿವಿಯಲ್ಲಿ ಮೂರು ಸಲ ಉಸುರುತ್ತಾರೆ. ಇಲ್ಲಿ ಅದನ್ನು ಮೂರು ಕಡೆ ಸಾರಬೇಕು. ಅಫಿಡವಿಟ್ ಎಂದು ಕರೆಯಲಾಗುವ ಪ್ರಮಾಣಪೂರ್ವಕ ಹೇಳಿಕೆಯಾಗಿ ನೋಟರಿಯ ಮುಂದೆ ಒಮ್ಮೆ, ದಿನಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ಇನ್ನೊಮ್ಮೆ, ಸರ್ಕಾರದ ಅಧಿಕೃತ ಪ್ರಕಟಣೆಯಾದ ರಾಜ್ಯಪತ್ರದಲ್ಲಿ, ಅಂದರೆ ಗೆಜೆಟ್‌ನಲ್ಲಿ, ಮತ್ತೊಮ್ಮೆ. ಕಿವಿಯಲ್ಲಿ ಹೇಳಿದ್ದು ಕೂಸಿಗೆ ತಿಳಿಯುವುದಿಲ್ಲ, ಗೆಜೆಟ್‌ನಲ್ಲಿ ಅಚ್ಚಾದದ್ದನ್ನು ಯಾರೂ ಓದುವುದಿಲ್ಲ. ಎರಡು ಶಾಸ್ತ್ರಗಳಿಗೂ ಅದರಿಂದ ಕುಂದೇನೂ ಬಂದಿಲ್ಲ.

ಮುಂಬಯಿಯ ಮಟ್ಟಿಗೆ ಈ ವಿಧಿಯ ಗರ್ಭಗುಡಿಯೆಂದರೆ ಚರ್ನಿ ರೋಡ್ ನಿಲ್ದಾಣದ ಬಳಿಯ ಸರ್ಕಾರಿ ಕೇಂದ್ರ ಮುದ್ರಣಾಲಯ. ಈಗ ಅರ್ಜಿ ಆನ್‌ಲೈನ್ ಆಗಿರುವುದರಿಂದ ಯಾತ್ರಿಕರ ಸಂದಣಿ ಇಳಿದಿದೆಯಾದರೂ, ಹೆಸರು, ಜನ್ಮದಿನಾಂಕ ಮತ್ತು ಧರ್ಮ ಈ ಮೂರರ ಬದಲಾವಣೆಗಳೂ ಮಹಾರಾಷ್ಟ್ರ ಗೆಜೆಟ್‌ನ ಎರಡನೆಯ ಭಾಗದಲ್ಲಿ ಅಚ್ಚಾಗುತ್ತವೆ. ಹುಟ್ಟಿನೊಂದಿಗೆ ಅಂಟಿಕೊಂಡು ಬಂದ ಮೂರು ಸಂಗತಿಗಳನ್ನು ಒಂದೇ ಕಿಟಕಿಯಲ್ಲಿ ತಿದ್ದಿಕೊಳ್ಳುವ ಇಂಥ ಸೌಕರ್ಯವನ್ನು ವಿಧಾತನ ಕಚೇರಿಯೂ ಒದಗಿಸಿದಂತಿಲ್ಲ. ಆದರೆ ಆ ಪ್ರಕಟಣೆಗಳ ಜೊತೆಗೇ, ಇವೆಲ್ಲ ಅರ್ಜಿದಾರರ ಮಾತಿನ ಮೇಲೆ ನಿಂತಿರುವುದರಿಂದ ಇವುಗಳ ಸತ್ಯಾಸತ್ಯತೆಗೆ ಸರ್ಕಾರ ಹೊಣೆಯಲ್ಲ ಎಂಬರ್ಥದ ಸೂಚನೆಯೂ ಇರುತ್ತದೆ. ಬ್ಯಾಂಕು, ಪಾಸ್‌ಪೋರ್ಟ್ ಕಚೇರಿ, ಶಾಲೆಗಳು ಯಾವ ಕಾಗದವನ್ನು ಪರಮ ಪ್ರಮಾಣವೆಂದು ಕೇಳಿ ಪಡೆಯುತ್ತವೆಯೋ, ಅದನ್ನು ಅಚ್ಚು ಹಾಕಿದವರೇ ಅದರಿಂದ ಎರಡು ಹೆಜ್ಜೆ ದೂರ ನಿಂತಿರುತ್ತಾರೆ.

ಅಫಿಡವಿಟ್ಟಿನ ತಿರುಳು ಒಂದೇ ವಾಕ್ಯ: ಹಳೆಯ ಹೆಸರಿನವನೂ ಹೊಸ ಹೆಸರಿನವನೂ ಬೇರೆ ಬೇರೆಯಲ್ಲ, ಇಬ್ಬರೂ ಒಬ್ಬನೇ. ವೇದಾಂತದ ಪಾಠಗಳಲ್ಲಿ ಐಕ್ಯವನ್ನು ವಿವರಿಸಲು ಬಳಸುವ ಹಳೆಯ ಉದಾಹರಣೆಯೂ ಇದೇ ಜಾಡಿನದು. ಹಿಂದೆ ಎಲ್ಲೋ ಕಂಡವನನ್ನು ಈಗ ಇಲ್ಲಿ ಕಂಡು ‘ಆ ದೇವದತ್ತನೇ ಈತ’ ಎಂದು ಗುರುತಿಸುವುದು ಅದು. ದೇವದತ್ತನಿಗೆ ದೇಶಕಾಲಗಳು ಬದಲಾದರೂ ಹೆಸರು ಉಳಿದಿತ್ತು. ಚರ್ನಿ ರೋಡಿನ ದೇವದತ್ತನಿಗೆ ಅದೂ ಉಳಿದಿಲ್ಲ. ಜೀವಜೀವಗಳಿಗೆ ಭೇದವುಂಟೆಂದು ಸಾರಿದ ಮಧ್ವಾಚಾರ್ಯರ ಉಡುಪಿಯಿಂದ ಹೊರಟು, ಮಾಟುಂಗದಲ್ಲೋ ಚೆಂಬೂರಿನಲ್ಲೋ ಇಡ್ಲಿ ಬೇಯಿಸಿ ನೆಲೆಯೂರಿದ ದ್ವೈತಿಯೊಬ್ಬ, ನೋಟರಿಯ ಮೇಜಿನ ಮುಂದೆ ಸ್ಟಾಂಪ್ ಪೇಪರಿನ ಮೇಲೆ ಅದ್ವೈತಕ್ಕೆ ರುಜು ಹಾಕಬೇಕಾಗುತ್ತದೆ.

ಈ ರುಜುವಿನ ಅಗತ್ಯ ಮುಂಬಯಿಯ ಕನ್ನಡಿಗರಿಗೆ ಏಕೆ ಬರುತ್ತದೆಂಬುದನ್ನು ತಿಳಿಯಲು ಅಲ್ಲಿನ ಅರ್ಜಿ ನಮೂನೆಯನ್ನು ನೋಡಬೇಕು. ಮರಾಠಿ ರೂಢಿಯಂತೆ ಅದರಲ್ಲಿ ಮೂರು ಮನೆಗಳಿರುತ್ತವೆ: ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಮತ್ತು ಆಡನಾವ, ಅಂದರೆ ಉತ್ತರ ಕರ್ನಾಟಕದವರು ಅಡ್ಡಹೆಸರು ಎನ್ನುವ ಮನೆತನದ ಹೆಸರು. ಹಳೆಯ ಮೈಸೂರು ಕಡೆಯ ಅನೇಕರಿಗೆ ಅಡ್ಡಹೆಸರೇ ಇಲ್ಲ. ಅವರ ಹೆಸರಿನ ಮುಂದೆ ಕಾವಲುಗಾರರಂತೆ ಎರಡು ಇನಿಷಿಯಲ್‌ಗಳು ನಿಂತಿರುತ್ತವೆ, ಒಂದು ಊರು, ಇನ್ನೊಂದು ತಂದೆ. ಎಚ್. ಎಸ್. ನಾಗರಾಜ ಎಂದು ಇಟ್ಟುಕೊಳ್ಳಬಹುದಾದ ಒಬ್ಬ ಕಾಲ್ಪನಿಕ ಗೃಹಸ್ಥನ ಇನಿಷಿಯಲ್‌ಗಳನ್ನು ಗುಮಾಸ್ತ ಬಿಡಿಸಿ ಮೂರು ಮನೆಗಳಲ್ಲಿ ತುಂಬಿದರೆ, ನಾಗರಾಜ ಕೊನೆಯ ಮನೆಗೆ ಜಾರಿ ಅಡ್ಡಹೆಸರಾಗುತ್ತಾನೆ, ತಂದೆ ಸುಬ್ಬಣ್ಣ ನಡುವೆ ಉಳಿಯುತ್ತಾರೆ, ಮೊದಲ ಮನೆಯಲ್ಲಿ ಊರು ಕೂರುತ್ತದೆ. ಅನಂತರ ಬ್ಯಾಂಕಿನಿಂದ ಬರುವ ಪತ್ರ ‘ಪ್ರಿಯ ಹೊಸಹಳ್ಳಿ’ ಎಂದೇ ಆರಂಭವಾಗಿ, ಒಂದು ಇಡೀ ಗ್ರಾಮ ಸಾಲದ ಕಂತು ಕಟ್ಟಿಲ್ಲವೆಂದು ವಿಷಾದಿಸುತ್ತದೆ. ಇನಿಷಿಯಲ್‌ಗಳನ್ನು ಕಿತ್ತೊಗೆದರೂ ಸುಖವಿಲ್ಲ, ಏಕೆಂದರೆ 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲವೆಂದಿತು. ದುಬೈಗೆ ಹೊರಟವನಿಗೂ ಜೊತೆಗೊಂದು ಅಡ್ಡಹೆಸರು ಬೇಕಾಯಿತು.

ತುಳುನಾಡಿನವರ ಕಥೆ ಇದಕ್ಕಿಂತ ಸೊಗಸಾದದ್ದು. ಬಂಟರು, ಬಿಲ್ಲವರು, ಮೊಗವೀರರು ಮೊದಲಾದ ಸಮುದಾಯಗಳಲ್ಲಿ ನಡೆದುಬಂದ ಅಳಿಯಸಂತಾನವೆಂಬ ಪದ್ಧತಿಯಲ್ಲಿ ವಂಶವನ್ನು ತಾಯಿಯ ಕಡೆಯಿಂದ ಎಣಿಸುತ್ತಾರೆ, ಮತ್ತು ಬಳಿ ಅಥವಾ ಬರಿ ಎಂಬ ಕುಲನಾಮವೂ ತಾಯಿಯಿಂದಲೇ ಇಳಿದು ಬರುತ್ತದೆ. ಒಂದೇ ಬಳಿಯೊಳಗೆ ಮದುವೆ ನಿಷಿದ್ಧವಾದ್ದರಿಂದ ತಂದೆಯ ಬಳಿ ಬೇರೆಯಾಗಿರಲೇಬೇಕು. ತರ್ಕ ಇಲ್ಲಿಗೆ ಮುಗಿಯುತ್ತದೆ, ಮುಂಬಯಿಯ ಶಾಲೆಯ ತಾಪತ್ರಯ ಇಲ್ಲಿಂದ ಶುರುವಾಗುತ್ತದೆ. ಅಪ್ಪ ಕೋಟ್ಯಾನ್, ಮಗ ಸಾಲಿಯಾನ್ ಎಂದರೆ ಊರಿನಲ್ಲಿ ಎಲ್ಲವೂ ಕ್ರಮದಲ್ಲಿದೆಯೆಂದು ಅರ್ಥ, ನಗರದ ಶಾಲೆಯ ಗುಮಾಸ್ತನಿಗೆ ಎಲ್ಲೋ ಎಡವಟ್ಟಾಗಿದೆಯೆಂದು ಅರ್ಥ. ಅಪ್ಪನೂ ಮಗನೂ ಒಂದೇ ಹೆಸರಿನವರಾಗಿದ್ದರೆ ಗಾಬರಿಪಡಬೇಕಾದವರು ಊರಿನ ಹಿರಿಯರು. ಅನೇಕ ಕುಟುಂಬಗಳು ಈ ಇಕ್ಕಟ್ಟಿನಿಂದ ಪಾರಾಗಲು ಶೆಟ್ಟಿ, ಪೂಜಾರಿ ಎಂಬ ಸಾಮಾನ್ಯ ಹೆಸರುಗಳ ನೆರಳಿಗೆ ಸರಿದವು. ಇನ್ನು ಹಲವು, ತಂದೆಯ ಬಳಿಯನ್ನೇ ಮಕ್ಕಳಿಗೂ ಬರೆಸಿ ಒಂದು ಪುರಾತನ ವ್ಯವಸ್ಥೆಯನ್ನು ಒಂದನೆಯ ತರಗತಿಯ ಪ್ರವೇಶಪತ್ರದಲ್ಲಿ ಸದ್ದಿಲ್ಲದೆ ಬಗ್ಗಿಸಿದವು. ಶಾಸನಸಭೆಗಳು ಅಳಿಯಸಂತಾನದ ಆಸ್ತಿಹಕ್ಕನ್ನು ತಿದ್ದಲು 1949ರಲ್ಲಿ ಒಂದು, 1956ರಲ್ಲಿ ಇನ್ನೊಂದು ಕಾಯಿದೆ ಮಾಡಬೇಕಾಯಿತು. ಹೆಸರಿನ ಪಾಲಿಗೆ ಶಾಲೆಯ ಗುಮಾಸ್ತನೇ ಸಾಕಾದ.

ಇದರ ವ್ಯಂಗ್ಯ ಪೂರ್ಣವಾದದ್ದು 2024ರಲ್ಲಿ. ಆ ವರ್ಷ ಮೇ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಸ್ವಂತ ಹೆಸರಿನ ಬೆನ್ನಿಗೇ ತಾಯಿಯ ಹೆಸರು, ಆಮೇಲೆ ತಂದೆಯದು, ಕೊನೆಗೆ ಅಡ್ಡಹೆಸರು ಬರಬೇಕೆಂದು ಮಹಾರಾಷ್ಟ್ರ ಸರ್ಕಾರ ನಿರ್ಧರಿಸಿತು. ತಾಯಿಯನ್ನು ದಾಖಲೆಯಿಂದ ಅಳಿಸಲು ತಲೆಮಾರುಗಳ ಕಾಲ ಹೆಣಗಿದ ತುಳುವರಿಗೆ ಈಗ ಆಕೆಯನ್ನು ಬರೆಯದಿದ್ದರೆ ನಡೆಯದು. ಮೂರು ಮನೆ ನಾಲ್ಕಾದವು; ಕಾಗದದ ಅಗಲ ಮಾತ್ರ ಮೊದಲಿನಷ್ಟೇ.

ಹೆಂಗಸರಿಗಾದರೋ ಈ ಹೆಸರುಪಲ್ಲಟ ಹೊಸದಲ್ಲ. ಮರಾಠಿಯ ಅನೇಕ ಮನೆಗಳಲ್ಲಿ ಮದುಮಗಳ ಅಡ್ಡಹೆಸರಷ್ಟೇ ಅಲ್ಲದೆ ಸ್ವಂತ ಹೆಸರೂ ಬದಲಾಗಿ, ವರನು ಹೊಸ ಹೆಸರನ್ನು ತಟ್ಟೆಯ ಅಕ್ಕಿಯ ಮೇಲೆ ಬರೆಯುವ ಪದ್ಧತಿಯಿದೆ. ಹಾಗೆ ಬದಲಿಸಲೇಬೇಕೆಂದು ಕಾನೂನು ಎಲ್ಲಿಯೂ ಹೇಳಿಲ್ಲ. ಅಕ್ಕಿಯ ಮೇಲೆ ಬರೆದದ್ದು ಸಂಜೆಗೆ ಅನ್ನವಾಗಿಬಿಡಬಹುದು. ಬ್ಯಾಂಕಿನ ಪುಸ್ತಕದಲ್ಲಿ ಬರೆಸಿದ್ದನ್ನು ಅಳಿಸಲು ಮತ್ತೆ ಚರ್ನಿ ರೋಡೇ ಗತಿ.

ಹೆಸರು ಬದಲಾಯಿಸಿ ಗೆದ್ದವರೂ ಈ ನಗರದಲ್ಲಿದ್ದರು. ಬೆಂಗಳೂರಿನಲ್ಲಿ 1925ರಲ್ಲಿ ಹುಟ್ಟಿದ ವಸಂತಕುಮಾರ ಪಡುಕೋಣೆ ಎಂಬ ಚಿತ್ರಾಪುರ ಸಾರಸ್ವತ ಹುಡುಗನಿಗೆ ಬಾಲ್ಯದಲ್ಲಿ ಅಪಘಾತವಾದಾಗ, ಹಳೆಯ ಹೆಸರು ಒಗ್ಗುವುದಿಲ್ಲವೆಂದು ಮನೆಯವರು ಗುರುದತ್ತ ಎಂದು ಕರೆದರು. ಮುಂದೆ ಹಿಂದಿ ಸಿನಿಮಾ ಆ ಹೆಸರನ್ನು ನಡುವೆ ಸೀಳಿ ಗುರು ದತ್ ಎಂದು ಬರೆಯಿತು. ಆತ ಕೆಲಕಾಲ ಕಲ್ಕತ್ತೆಯಲ್ಲಿ ಬೆಳೆದದ್ದೂ ಜೊತೆಗೂಡಿ, ಬಾಲದ ದತ್‌ನಿಂದಾಗಿ ಅವನನ್ನು ಬಂಗಾಳಿಯೆಂದು ಭಾವಿಸಿದವರು ಬಹಳ. ಕುಂದಾಪುರದ ಬಳಿಯ ಪಡುಕೋಣೆ ಎಂಬ ಹಳ್ಳಿ ಒಂದು ತೆರಪಿನೊಳಗೆ ಬಿದ್ದುಹೋಯಿತು.

ನಗರ ತಾನೇ 1995ರಲ್ಲಿ ಬಾಂಬೆಯಿಂದ ಮುಂಬಯಿಯಾದಾಗ ಇಂಥ ಯಾವ ಪಾಡನ್ನೂ ಪಡಲಿಲ್ಲ. ಬಾಂಬೆ ಹೈಕೋರ್ಟು, ಐಐಟಿ ಬಾಂಬೆಗಳು ಹಳೆಯ ಹೆಸರಿನಲ್ಲೇ ಮುಂದುವರಿದವು, ವಿಮಾನದ ಚೀಟಿಯಲ್ಲಿ ಊರಿನ ಸಂಕೇತ ಇಂದಿಗೂ ಬಿಓಎಂ. ಎಲ್ಲಕ್ಕಿಂತ ಜಾಣತನ ತೋರಿದ್ದು ನಗರಪಾಲಿಕೆ ಮತ್ತು ಅದರ ಬೆಸ್ಟ್ ಬಸ್ಸು: ಬಾಂಬೆಯ ಜಾಗದಲ್ಲಿ ಬೃಹನ್ಮುಂಬಯಿ ಬಂದದ್ದರಿಂದ ‘ಬಿ’ ಎಂಬ ಇನಿಷಿಯಲ್ ಹಾಗೆಯೇ ಉಳಿದು, ಬಸ್ಸಿನ ಮೇಲಿನ ಅಕ್ಷರಗಳನ್ನು ಕೆರೆಯಬೇಕಾಗಲಿಲ್ಲ. ಇನಿಷಿಯಲ್‌ನ ಮಹಿಮೆಯನ್ನು ಮೈಸೂರಿನವರು ಇಷ್ಟು ಚೆನ್ನಾಗಿ ಮುಂಬಯಿಗೆ ಕಲಿಸಿದ್ದಾರೆಂದು ಅವರಿಗೇ ತಿಳಿದಿರಲಾರದು. ಒಂದು ಊರಿಗೆ ಎರಡು ಹೆಸರು ಸಲ್ಲುತ್ತದೆ; ಅದರ ನಿವಾಸಿಯ ಹೆಸರಿನಲ್ಲಿ ಒಂದು ‘ವೈ’ ಹೆಚ್ಚಾದರೆ ಆಧಾರ್ ಕಾರ್ಡು ಪಾನ್ ಕಾರ್ಡನ್ನು ಗುರುತಿಸುವುದಿಲ್ಲ.

ಹೆಸರು ವ್ಯಕ್ತಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ, ಸಿಬಿಎಸ್‌ಇ ಅಂಕಪಟ್ಟಿಗಳ ತಿದ್ದುಪಡಿಯ ವ್ಯಾಜ್ಯವೊಂದರಲ್ಲಿ, ಒಪ್ಪಿಕೊಂಡಿದೆ. ಆದರೆ ಕಚೇರಿಗಳು ಅದಕ್ಕೂ ಮೊದಲಿನಿಂದ ನೆಚ್ಚಿಕೊಂಡಿರುವುದು ಎರಡು ಪುಟ್ಟ ಪದಗಳನ್ನು: ಮಂಗಳೂರಿನ ಕಡೆಯ ದಸ್ತಾವೇಜುಗಳಲ್ಲಿ ಕಾಣುವ ‘ಯಾನೆ’ ಮತ್ತು ಮುಂಬಯಿಯ ‘ಉರುಫ್’. ಎರಡಕ್ಕೂ ಅರ್ಥ ಒಂದೇ, ಇವನೇ ಅವನು ಎಂದು. ರಜೆಯಲ್ಲಿ ತುಳುನಾಡಿನ ಊರಿಗೆ ಬಂದು, ದೈವಾರಾಧನೆಯ ಕೋಲದ ಅಂಗಳದಲ್ಲಿ ಕೈಮುಗಿದು ನಿಂತ ಮುಂಬಯಿವಾಸಿಯನ್ನು ದೈವ ಕರೆಯುವುದು ಅವನ ಮನೆತನದ ಹೆಸರು ಹಿಡಿದು. ಅವನೂ ಗೆಜೆಟ್‌ನ ಪ್ರತಿಯನ್ನು ತೆಗೆದು ತೋರಿಸದೆ, ಕರೆದ ಹೆಸರಿಗೇ ಓಗೊಟ್ಟು ಪ್ರಸಾದಕ್ಕೆ ಕೈ ಚಾಚುತ್ತಾನೆ.