ಹತ್ತು ಪರ್ಸೆಂಟ್ ಮಾವು

ಈ ದೇಶದಲ್ಲಿ ಮಾವಿನ ಹಣ್ಣಿಗೆ ಇರುವಷ್ಟು ಉದ್ಯೋಗ ಭದ್ರತೆ ಮನುಷ್ಯರಿಗಿಲ್ಲ. ಡಬ್ಬಿಯಲ್ಲಿ ತುಂಬಿ ಮಾರುವ ಹಣ್ಣಿನ ಪಾನೀಯದಲ್ಲಿ ಕನಿಷ್ಠ ಶೇ 10ರಷ್ಟು ಹಣ್ಣಿನ ರಸ ಇರಲೇಬೇಕು ಅನ್ನುತ್ತದೆ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ನಿಂಬೆಯಾದರೆ ಶೇ 5 ಸಾಕು. ಅದಕ್ಕೆ ಹುಳಿ ಜಾಸ್ತಿ, ಲಾಬಿ ಕಡಿಮೆ. ಮಿಕ್ಕಿದ್ದು ನೀರು, ಸಕ್ಕರೆ, ಬಣ್ಣ, ಘಮ ಮತ್ತು ಜಾಹೀರಾತಿನಲ್ಲಿ ಕಣ್ಣು ಮುಚ್ಚಿ ಹೀರುವ ಒಬ್ಬ ಸಿನಿಮಾ ನಟಿ. ಆದರೂ ಆ ಹತ್ತು ಪರ್ಸೆಂಟನ್ನು ಯಾರೂ ಅಲ್ಲಾಡಿಸುವಂತಿಲ್ಲ.

ಸ್ಥಳೀಯರಿಗೂ ಇಂಥದ್ದೊಂದು ಪರ್ಸೆಂಟು ಇರಲಿ ಎಂದು 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಮಸೂದೆಯೊಂದಕ್ಕೆ ಒಪ್ಪಿಗೆ ಕೊಟ್ಟಿತ್ತು. ಖಾಸಗಿ ಉದ್ದಿಮೆಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಉದ್ಯಮಿಗಳು ಹೌಹಾರಿದರು. ಎರಡೇ ದಿನದಲ್ಲಿ ಮಸೂದೆಗೆ ತಡೆ ಬಿತ್ತು. ಫ್ರಿಜ್ಜಿನಲ್ಲಿಟ್ಟ ಮಜ್ಜಿಗೆಯೂ ಅದಕ್ಕಿಂತ ಹೆಚ್ಚು ದಿನ ತಾಳುತ್ತದೆ.

ಹೀಗಾಗಿ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಗೇಟುಗಳ ಒಳಗೆ ಕಾಯ್ದೆಯ ಬಲದಿಂದ ನಿಂತಿರುವ ಪ್ರತಿನಿಧಿ ಎಂದರೆ ಬೇಸಗೆಯಲ್ಲಿ ಕಾರ್ಖಾನೆಗಳು ಕೊಡುವ ಸಮ್ಮರ್ ಪಾರ್ಟಿಯ ಡಬ್ಬಿಯೊಳಗಿನ ಮಾವು ಒಂದೇ. ಅದೂ ಈ ಊರಿನದೇ ಎಂದು ಯಾರೂ ಬರೆದುಕೊಟ್ಟಿಲ್ಲ.

ಈ ಪಾರ್ಟಿ ನಡೆಯುತ್ತಿರುವುದು ಎಲ್ಲಿ ನೋಡಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆ ಎಂದರೆ ಮಾವಿನ ಸೀಮೆ. ಕೋಲಾರದ ಹಣ್ಣು ಇನ್ನೂ ಕಾಯಾಗಿ ತೂಗುತ್ತಿರುವಾಗಲೇ ಇಲ್ಲಿನ ಬಾದಾಮಿ ಪೇಟೆ ಸೇರಿ ಮೊದಲ ರೇಟು ನೋಡಿರುತ್ತದೆ. ಅದರ ಹಿಂದೆಯೇ ಸೇಂದೂರ, ರಸಪುರಿ, ಮಲ್ಲಿಕಾ. 2025ರ ಮೇ ತಿಂಗಳಲ್ಲಿ ಸಂಪುಟ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಮರಗಳಿಗೆ ಸುತ್ತೋಲೆ ತಲುಪಿಲ್ಲವೋ ಏನೋ, ಹಳೆಯ ವಿಳಾಸದಲ್ಲೇ ಕಾಯಿ ಬಿಡುತ್ತಿವೆ. ಇಂಥ ನೆಲದ ಮೇಲೆ ಶಾಮಿಯಾನ ಹಾಕಿ, ಅದರ ಕೆಳಗೆ ನಿಂತು, ಬೆಂಗಳೂರಿನಿಂದ ಟೆಂಪೊದಲ್ಲಿ ತರಿಸಿದ ಡಬ್ಬಿಗೆ ಸ್ಟ್ರಾ ಚುಚ್ಚಿ ಮಾವು ಕುಡಿಯುವುದಕ್ಕೆ ಸಮ್ಮರ್ ಪಾರ್ಟಿ ಎನ್ನುತ್ತಾರೆ.

ಏಪ್ರಿಲ್ ಬಂತೆಂದರೆ ಎಚ್‌ಆರ್ ವಿಭಾಗಕ್ಕೆ ಕಾರ್ಮಿಕರ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕುತ್ತದೆ. ಇನ್‌ಕ್ರಿಮೆಂಟ್ ಪತ್ರ ಕೈಗೆ ಕೊಡುವ ತಿಂಗಳು ಅದು. ಪತ್ರ ಓದಿದವನ ಕೈಗೆ ತಣ್ಣಗಿನದೇನಾದರೂ ಕೊಡುವುದು ಒಳ್ಳೆಯದು ಎಂಬುದು ಆಡಳಿತ ಶಾಸ್ತ್ರದ ಹಳೆಯ ಸೂತ್ರ. ನಾನು ನೋಡಿದ ಪಾರ್ಟಿಯಲ್ಲಿ (ಕಾರ್ಖಾನೆಯ ಹೆಸರು ಬೇಡ, ಎಲ್ಲ ಶೆಡ್ಡುಗಳೂ ಒಂದೇ ಥರ ಇರುತ್ತವೆ) ಪರ್ಮನೆಂಟ್‌ನವರಿಗೆ ಮೂರು ಕೂಪನ್, ಟ್ರೈನಿಗಳಿಗೆ ಎರಡು, ಗುತ್ತಿಗೆಯವರಿಗೆ ಒಂದು. ಸೆಕ್ಯುರಿಟಿಯವನಿಗೆ ಕೂಪನ್ ಹರಿಯುವ ಗೌರವ. ಬಾಯಾರಿಕೆಗೂ ಗ್ರೇಡು ಇದೆ ಎಂದು ವೈದ್ಯಶಾಸ್ತ್ರ ಇನ್ನೂ ಕಂಡುಕೊಂಡಿಲ್ಲ, ಎಚ್‌ಆರ್ ಕಂಡುಕೊಂಡಿದೆ.

ಮೇಜಿನ ಮೇಲೆ ಸಾಲಾಗಿ ಗ್ಲಾಸುಗಳು. ಮೊದಲನೆಯದು ನೀಲಿ. ಹೆಸರು ಬ್ಲೂ ಲಗೂನ್. ಎರಡನೆಯದು ಹಾಲಿನ ಬಿಳುಪು, ಅಂಚಿಗೆ ಅನಾನಸಿನ ಚೂರು, ಅದರ ನೆತ್ತಿಗೊಂದು ಕಾಗದದ ಕೊಡೆ. ಸಿಎನ್‌ಸಿ ವಿಭಾಗದ ಹುಡುಗನೊಬ್ಬ ಆ ಬಿಳಿ ಗ್ಲಾಸನ್ನು ಎತ್ತಿ ಬೆಳಕಿಗೆ ಹಿಡಿದ. ಮಷೀನಿಗೆ ಸುರಿಯುವ ಕೂಲಂಟು ಎಣ್ಣೆ ನೀರಿನೊಡನೆ ಸೇರಿದರೆ ಹೀಗೇ ಬೆಳ್ಳಗಾಗುತ್ತದೆ. ದಿನಕ್ಕೆ ಎಂಟು ಗಂಟೆ ಅದನ್ನೇ ನೋಡುವವನು ಅವನು.

‘ಸಾ, ಇದುನ್ನ ಕುಡಿಯಕ್ಕೆ ಮಡಗವ್ರೋ, ಇಲ್ಲಾ ಮಷೀನ್ಗೆ ಹಾಕಕ್ಕೋ?’

‘ಪೀನಾ ಕೊಲಾಡಾ ಕಣಪ್ಪ. ಎಂಜಾಯ್ ಮಾಡು,’ ಅಂದರು ಸೂಪರ್‌ವೈಸರು.

ಹುಡುಗ ಒಂದು ಗುಟುಕು ಎಳೆದು, ‘ಕೂಲಂಟೇ ವಾಸಿ ಸಾ, ಅದ್ರಲ್ಲಿ ಸಕ್ಕರೆ ಇರಕಿಲ್ಲ,’ ಅಂದ.

ನೀಲಿ ಗ್ಲಾಸಿನ ಮುಂದೆ ಜನ ಇನ್ನೂ ಹೊತ್ತು ನಿಂತರು. ಹಳ್ಳಿಯಲ್ಲಿ ಹುಟ್ಟಿದವನು ನೀಲಿ ಬಣ್ಣದ ದ್ರವವನ್ನು ಬಾಯಿಗೆ ಹಾಕುವ ಮುಂಚೆ ಯೋಚಿಸುತ್ತಾನೆ. ಅವನ ಅನುಭವದಲ್ಲಿ ನೀಲಿಯಾಗಿರುವುದು ಸೀಮೆಎಣ್ಣೆ, ಮೈಲುತುತ್ತ ಅಥವಾ ಬಟ್ಟೆಗೆ ಹಾಕುವ ನೀಲಿ. ನೊರೆಯ ವಿಷಯದಲ್ಲಂತೂ ಈ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬಿಡದಿ ಪಕ್ಕದ ಬೈರಮಂಗಲ ಕೆರೆಗೆ ಬಂದು ಬೀಳುತ್ತದೆ. ಅಲ್ಲಿ ವರ್ಷಪೂರ್ತಿ ಏಳುವ ನೊರೆಯನ್ನು ಯಾವ ಬಾರ್‌ಟೆಂಡರನೂ ಎಬ್ಬಿಸಲಾರ. ಕೆರೆ ದಾಟಿ ಅದು ಅರ್ಕಾವತಿ ಸೇರಿ, ಅರ್ಕಾವತಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ರಾಜಧಾನಿ ನಮಗೆ ಕಳಿಸುವ ಪಾನಕಗಳಲ್ಲಿ ಕೂಪನ್ ಇಲ್ಲದೆ ಸಿಗುವುದು ಅದೊಂದೇ.

ಎಳನೀರು ಯಾಕಿಲ್ಲ ಎಂದು ಕೇಳಿದವರೂ ಇದ್ದರು. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿಗಟ್ಟಲೆ ಕಾಯಿ ಮುಂಬೈ, ದೆಹಲಿಗೆ ಹೋಗುತ್ತದೆ, ಹಾರೋಹಳ್ಳಿಗೆ ಬರಲಾರದೆ? ಗೇಟಿನ ಹೊರಗೆ ಹಲಸಿನ ಮರದ ಕೆಳಗೇ ಎಳನೀರಿನವನು ಮಚ್ಚು ಹಿಡಿದು ಕೂತಿದ್ದ. ಆದರೆ ಕೊಚ್ಚಿ ಕೊಡುವ ಎಳನೀರಿಗೆ ಜಿಎಸ್‌ಟಿ ಇಲ್ಲ. ಜಿಎಸ್‌ಟಿ ಇಲ್ಲದಿದ್ದರೆ ಬಿಲ್ಲಿಲ್ಲ, ಬಿಲ್ಲಿಲ್ಲದಿದ್ದರೆ ವೆಂಡರ್ ಕೋಡ್ ಇಲ್ಲ, ವೆಂಡರ್ ಕೋಡ್ ಇಲ್ಲದವನಿಗೆ ಅಕೌಂಟ್ಸ್‌ನವರ ಕಣ್ಣಲ್ಲಿ ದೇಹವೇ ಇಲ್ಲ. ಅದೇ, 2025ರ ಸೆಪ್ಟೆಂಬರ್ 22ರಿಂದ ಡಬ್ಬಿಯ ಹಣ್ಣಿನ ಪಾನೀಯಕ್ಕೆ ಶೇ 5 ತೆರಿಗೆ. ಅದಕ್ಕೇ ಗ್ಯಾಸ್ ತುಂಬಿದರೆ ಶೇ 40. ನಲವತ್ತು ಪರ್ಸೆಂಟ್ ಎಂದ ಕೂಡಲೇ ಕರ್ನಾಟಕದ ಓದುಗರು ಬೇರೇನೋ ನೆನೆಯಬಾರದು. ಇದು ರಸೀದಿ ಕೊಡುವ ನಲವತ್ತು.

ಆಮೇಲೆ ಕ್ವಿಜ್. ಇವೆಂಟಿನ ಹುಡುಗಿ ಮೈಕು ಹಿಡಿದು, ಮೊಹಿಟೊ ಹುಟ್ಟಿದ ದೇಶ ಯಾವುದು ಎಂದಳು. ಸಭೆ ಗಪ್‌ಚುಪ್. ಹಿಂದಿನ ಸಾಲಿನಿಂದ ಒಬ್ಬ, ‘ಬಿಡದಿ!’ ಎಂದು ಕೂಗಿದ. ಎಲ್ಲರೂ ನಕ್ಕರು. ನಗುವಂಥದ್ದೇನಿತ್ತು? ಕೋಕಾ ಕೋಲಾ ಕಾರ್ಖಾನೆ ಇರುವುದು ಬಿಡದಿಯಲ್ಲಿ. ತಂಪು ಪಾನೀಯ ಲಾರಿ ಹತ್ತಿ ಹೊರಡುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ, ಕ್ಯೂಬಾವನ್ನು ಕಂಡಿಲ್ಲ. ಸರಿಯುತ್ತರ ಹೇಳಿದವರಿಗೆಂದು ತಂದ ಬಹುಮಾನ ಡಬ್ಬಿಯ ಮಾವೇ ಆದ್ದರಿಂದ ಅವನಿಗೆ ಹೆಚ್ಚಿನ ನಷ್ಟವೇನೂ ಆಗಲಿಲ್ಲ.

ಆ ಹುಡುಗಿಯ ಚೀಟಿಯಲ್ಲಿ ಇಲ್ಲದ ಪ್ರಶ್ನೆಗಳೂ ಇವೆ. ಸೋಡಾ ಹುಟ್ಟಿದ್ದು ಎಲ್ಲಿ? ಬಿಯರ್ ತೊಟ್ಟಿಯ ಮೇಲೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ, ಪಕ್ಕದ ಬಿಯರ್ ಭಟ್ಟಿಯಲ್ಲಿ ಹುದುಗು ಬಿಡುವ ಗ್ಯಾಸಿನ ಮೇಲೆ ನೀರು ಹಿಡಿದು ಗುಳ್ಳೆ ಬರಿಸಿದ. ಹಾಗಾಗಿ ಕಂಪನಿ ಪಾರ್ಟಿಯಲ್ಲಿ ‘ಮದ್ಯವಿಲ್ಲ, ಬರೀ ಸೋಡಾ’ ಎಂದು ಮಡಿ ಮಾಡುವವರು ಸೋಡಾದ ವಂಶಾವಳಿ ಕೇಳದಿರುವುದು ಕ್ಷೇಮ. ನಮ್ಮ ಸಂತೆಗಳ ಗೋಲಿ ಸೋಡಾ ಬಾಟಲಿಯೂ ಹೈರಮ್ ಕಾಡ್ ಎಂಬ ಇಂಗ್ಲಿಷಿನವನದೇ ಕೈಚಳಕ, 1870ರ ದಶಕದ್ದು. 1977ರಲ್ಲಿ ಕೋಕಾ ಕೋಲಾ ದೇಶ ಬಿಟ್ಟಾಗ ಕೇಂದ್ರ ಸರ್ಕಾರವೇ ಬದಲಿ ಕೋಲಾ ಮಾಡಿತು, ಹೆಸರು ‘ಡಬಲ್ ಸೆವೆನ್’. ಅದರ ರುಚಿಯನ್ನು ಕೂಡಿಸಿ ಕೊಟ್ಟವರು ಯಾರು? ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು. ಚೆಲುವಾಂಬ ಮ್ಯಾನ್ಷನ್‌ನಂಥ ಅರಮನೆಯಲ್ಲಿ ಕೂತು ಜಗತ್ತಿನ ರಹಸ್ಯ ಸೂತ್ರಕ್ಕೆ ಸವಾಲು ಹಾಕಿದ್ದರು ನಮ್ಮವರು. ಸರ್ಕಾರ ಮಾರಿದ ಕೋಲಾ ಏನಾಗಬೇಕೋ ಅದಾಯಿತು, ಗುಳ್ಳೆ ಇಳಿದುಹೋಯಿತು. ಗುಳ್ಳೆ ಉಳಿಸಿಕೊಂಡದ್ದು ಪುತ್ತೂರಿನ ಬಿಂದು ಜೀರಾ. ಅದಕ್ಕೆ ವಿಜ್ಞಾನಿಗಳೂ ಬೇಕಾಗಲಿಲ್ಲ, ಬಾಡೂಟದ ನಂತರ ತೇಗು ಬಂದರೆ ಸಾಕಾಗಿತ್ತು.

ಕೈಯಲ್ಲಿದ್ದ ಡಬ್ಬಿಗೆ ಮರಳೋಣ. ಚಿಕ್ಕ ಡಬ್ಬಿ 160 ಮಿಲಿ ಎಂದಿಟ್ಟುಕೊಳ್ಳಿ. ಅದರಲ್ಲಿ ಶೇ 10 ಅಂದರೆ 16 ಮಿಲಿ ಹಣ್ಣು. ಮಕ್ಕಳಿಗೆ ಕೆಮ್ಮಿನ ಔಷಧಿ ಕೊಡುವ ಮುಚ್ಚಳದ ಲೆಕ್ಕ. ಒಂದು ಕಿಲೋ ತೋತಾಪುರಿಯಲ್ಲಿ ಅರ್ಧಕ್ಕರ್ಧ ತಿರುಳು ಸಿಕ್ಕಿತೆಂದರೂ ಮೂವತ್ತು ಡಬ್ಬಿಗೆ ಸಾಕು. ಡಬ್ಬಿಗೆ ಹತ್ತೇ ರೂಪಾಯಿ ಹಿಡಿದರೂ ಮುನ್ನೂರು ರೂಪಾಯಿ. ಈಗ ಆ ಕಿಲೋ ಬೆಳೆದವನ ಕಡೆ ನೋಡಿ. 2025ರ ಜೂನ್‌ನಲ್ಲಿ ಕರ್ನಾಟಕದ ತೋತಾಪುರಿ ಒಳಗೆ ಬರಕೂಡದೆಂದು ಆಂಧ್ರದ ಚಿತ್ತೂರು ಜಿಲ್ಲಾಡಳಿತ ಗಡಿಯಲ್ಲಿ ತಡೆ ಹಾಕಿತು. ಪಲ್ಪ್ ಕಾರ್ಖಾನೆಗಳಿರುವುದು ಆ ಕಡೆ, ಹಣ್ಣಿರುವುದು ಈ ಕಡೆ. ಬೆಲೆ ನೆಲಕಚ್ಚಿತು. ಇಲ್ಲಿನ ಮುಖ್ಯಮಂತ್ರಿಗಳು ಅಲ್ಲಿನ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು, ಪ್ರಧಾನಿಗೂ ಬರೆದರು. ಕ್ವಿಂಟಲ್ ಬೆಳೆಯುವ ಖರ್ಚೇ 5,466 ರೂಪಾಯಿ ಎಂದು ಪತ್ರ ಹೇಳಿತು. ಕೊನೆಗೆ ಕೇಂದ್ರದ ಬೆಲೆ ಕೊರತೆ ಪಾವತಿ ಯೋಜನೆಯಲ್ಲಿ ಕ್ವಿಂಟಲಿಗೆ 1,616 ರೂಪಾಯಿ ದರ ನಿಗದಿಯಾಯಿತು. ಕಿಲೋಗೆ ಹದಿನಾರು ರೂಪಾಯಿ ಚಿಲ್ಲರೆ. ಅಂದರೆ ಡಬ್ಬಿಯೊಂದಕ್ಕೆ ರೈತನ ಪಾಲು ಸುಮಾರು ಐವತ್ತು ಪೈಸೆ. ಅಷ್ಟು ಚಿಲ್ಲರೆ ಈಗ ಕಂಡಕ್ಟರ್ ಬಳಿಯೂ ಇರುವುದಿಲ್ಲ. ಹತ್ತು ಪರ್ಸೆಂಟ್ ಮೀಸಲು ಮಾವಿಗೆ ಇದೆಯೇ ಹೊರತು ಮಾವು ಬೆಳೆದವನಿಗಲ್ಲ, ಕಾಯ್ದೆ ಓದುವಾಗ ಇಂಥ ಸಣ್ಣಕ್ಷರ ಗಮನಿಸಬೇಕು.

ನೂರಕ್ಕೆ ನೂರು ಹಣ್ಣಿನ ಪಾರ್ಟಿ ಮಾಡುವವರೂ ಈ ಸೀಮೆಯಲ್ಲಿದ್ದಾರೆ. ಬೇಸಗೆಯಲ್ಲಿ ಕಾಡಿನಿಂದ ಇಳಿದು ಕನಕಪುರ, ಚನ್ನಪಟ್ಟಣದ ತೋಟಗಳಲ್ಲಿ ಮಾವು, ಹಲಸು ಮುಗಿಸಿ ಬೆಳಗಾಗುವುದರೊಳಗೆ ಹೊರಡುತ್ತವೆ ಆನೆಗಳು. ಕೂಪನ್ ಕೇಳುವ ಧೈರ್ಯ ಯಾರಿಗೂ ಬಂದಿಲ್ಲ.

ಗುತ್ತಿಗೆಯವರು ಒಂದು ಕೂಪನ್ ಮುಗಿಸಿ ತಮ್ಮ ಶೀಟಿನ ಸಾಲುಮನೆಗಳಿಗೆ ಹೋದರು. ಅಲ್ಲಿ ಬಿಹಾರದವನು ಸತ್ತುಹಿಟ್ಟಿಗೆ ನೀರು, ಉಪ್ಪು, ಈರುಳ್ಳಿ, ನಿಂಬೆ ಹಾಕಿ ಕದಡಿಕೊಂಡ. ಒಡಿಶಾದವನು ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟ ಪಖಾಲ ತೆಗೆದ. ಇದೇನು ಹೊಸದಲ್ಲ, ನಮ್ಮ ಅಜ್ಜಿಯರು ತಂಗಳನ್ನಕ್ಕೆ ಮಜ್ಜಿಗೆ ಹುಯ್ದು, ರಾಗಿ ಅಂಬಲಿಗೆ ಕಚ್ಚಿಕೊಳ್ಳಲು ಈರುಳ್ಳಿ ಕೊಟ್ಟು ಹೊಲಕ್ಕೆ ಕಳಿಸುತ್ತಿದ್ದದ್ದೇ. ಆ ಅಂಬಲಿ ಈಗ ಬೆಂಗಳೂರಿನ ಹೋಟೆಲಿನಲ್ಲಿ ಗಾಜಿನ ಜಾಡಿಗೆ ಏರಿ ‘ಮಿಲೆಟ್ ಪ್ರೋಬಯೋಟಿಕ್’ ಆಗಿದೆ. ಕಾರ್ಖಾನೆಯ ಪಾರ್ಟಿಗೂ ಬರುತ್ತದೆ ಬಿಡಿ, ವೆಂಡರ್ ಕೋಡ್ ಸಿಕ್ಕಿದ ದಿನ.

ಪಾರ್ಟಿಯ ಇಷ್ಟೆಲ್ಲ ಸಂಭ್ರಮದ ಮೂಲದಲ್ಲಿ ಎಚ್‌ಆರ್‌ನ ಒಂದು ಭಯವಿದೆ, ವರ್ಷತೊಡಕಿನ ಭಯ; ಆ ದಿನದ ಬಾಡೂಟಕ್ಕೆ ಪೈಪೋಟಿಯಾಗಿ ಹೂಡಿದ್ದೇ ಇದು. ಯುಗಾದಿಯ ಮಾರನೆಯ ದಿನ ಕಾರ್ಖಾನೆಯ ಹಾಜರಿ ನೋಡಿದರೆ, ಇಡೀ ತಾಲ್ಲೂಕಿನಲ್ಲಿ ಎಲ್ಲರ ಅಜ್ಜಿಯರೂ ಒಂದೇ ರಾತ್ರಿ ತೀರಿಕೊಂಡರು ಅನ್ನಿಸಬೇಕು. ಜನ ಶೋಕದಲ್ಲಿರುವುದಿಲ್ಲ, ಬಾಡೂಟದಲ್ಲಿರುತ್ತಾರೆ. ಅದಕ್ಕೆ ವರ್ಷವಿಡೀ ಸಿದ್ಧತೆ ನಡೆದಿರುತ್ತದೆ. ಊರಿನ ಹತ್ತಿಪ್ಪತ್ತು ಜನ ಸೇರಿ ಮಟನ್ ಚೀಟಿ ಕಟ್ಟುತ್ತಾರೆ, ತಿಂಗಳು ತಿಂಗಳು ಇಷ್ಟು ಎಂದು. ಹಬ್ಬ ಹತ್ತಿರ ಬಂದಾಗ ಆ ದುಡ್ಡಿನಲ್ಲಿ ಮರಿ ತರುತ್ತಾರೆ. ನಸುಕಿಗೇ ಕೊಯ್ದು, ಟಾರ್ಪಾಲಿನ ಮೇಲೆ ಬಾಳೆಎಲೆ ಹಾಸಿ ಗುಡ್ಡೆ ಹಾಕುತ್ತಾರೆ. ಆ ಗುಡ್ಡೆ ಹಾಕುವುದನ್ನು ನೋಡಬೇಕು. ತೊಡೆ, ಎದೆ, ಮೂಳೆ, ಲಿವರು, ಬೋಟಿ ಎಲ್ಲವೂ ಎಲ್ಲ ಗುಡ್ಡೆಗೂ ಬೀಳಬೇಕು. ಒಂದು ಗುಡ್ಡೆಗೆ ಕೊಬ್ಬು ಜಾಸ್ತಿಯಾಯಿತೆಂದರೆ ಅಲ್ಲಿಂದೊಂದು ಚೂರು ಎತ್ತಿ ಇಲ್ಲಿಗೆ. ಸುತ್ತ ನಿಂತ ಇಪ್ಪತ್ತು ಜೊತೆ ಕಣ್ಣುಗಳು ಆಡಿಟ್ ಮಾಡುತ್ತಿರುತ್ತವೆ. ಪಂಚಾಯ್ತಿ ಮೆಂಬರಿಗೂ ಒಂದೇ ಗುಡ್ಡೆ, ಪೇಂಟಿಂಗ್ ಕೆಲಸದವನಿಗೂ ಒಂದೇ. 2022ರಲ್ಲಿ ಹಲಾಲೋ ಜಟ್ಕಾವೋ ಎಂದು ಟಿ.ವಿ.ಯವರು ದಿನಗಟ್ಟಲೆ ಕತ್ತಿ ಮಸೆದರು. ಚೀಟಿಯವರು ಮಚ್ಚು ಮಸೆದು, ಮುದ್ದೆ ಮುರಿದು, ಮಧ್ಯಾಹ್ನಕ್ಕೆ ಇಸ್ಪೀಟಿಗೆ ಕೂತರು.

ಈ ವರ್ಷ ಎಚ್‌ಆರ್ ಮ್ಯಾನೇಜರಿಗೂ ಕುತೂಹಲ ಹುಟ್ಟಿತಂತೆ. ನೀಲಿ ಗ್ಲಾಸುಗಳು ಹಾಗೇ ಉಳಿದ ಮೇಜಿನ ಪಕ್ಕದಲ್ಲಿ ಸಿಎನ್‌ಸಿ ಹುಡುಗನನ್ನು ಮೆಲ್ಲಗೆ ಕರೆದು, ಚೀಟಿಗೆ ತಿಂಗಳಿಗೆ ಎಷ್ಟು, ತಾನೂ ಸೇರಬಹುದೇ ಎಂದು ಕೇಳಿದರು. ಹುಡುಗ ತಲೆ ಕೆರೆದುಕೊಂಡ.

‘ಸೇರ್ಕಳಿ ಸಾ, ಅದುಕ್ಕೇನಂತೆ. ಆದ್ರೆ ವಸಬ್ರಿಗೆ ಒಂದ್ವರ್ಸ ಟ್ರೈನಿಂಗು. ದುಡ್ಡು ಕಟ್ಬೇಕು, ಮರಿ ಇಡ್ಕಬೇಕು, ಟಾರ್ಪಾಲ್ ತೊಳೀಬೇಕು. ಗುಡ್ಡೆ ಇರಕಿಲ್ಲ, ಸಾರು ಮಾತ್ರ. ಪರ್ಮನೆಂಟ್ ಮಾಡದ ಆಮೇಕೆ ನೋಡನ.’