ಚಿತ್ರಭೇದ ಮೀಮಾಂಸೆ: ಒಂದು ಟರ್ಮಿನಲ್ ಭಾಷ್ಯ

ವಿಷಯ: ಮದುವೆಯ ಒಂದೇ ಫೋಟೊದ ಎರಡು ಫೈಲುಗಳು, ಪಿಕ್ಸೆಲ್ ಅಳತೆಯೂ ಒಂದೇ. ಒಂದು ಫೋಟೊಗ್ರಾಫರ್ ಕೊಟ್ಟದ್ದು. ಇನ್ನೊಂದು ಸೋದರತ್ತೆಯ ಮೊಬೈಲಿನಲ್ಲಿ ಕುಗ್ಗಿ, ಚಿಕ್ಕಪ್ಪನ ಮೂಲಕ ಮನೆಮಂದಿಯ ಗ್ರೂಪಿಗೆ ಬಂದದ್ದು. ಸಂಶಯ: ಇವು ಒಂದೆಯೋ, ಬೇರೆಯೋ? ಕಣ್ಣಿಂದ ನೋಡಿದರೆ ಗೊತ್ತಾಗುತ್ತದಲ್ಲ ಎಂಬುದು ಪಾಮರರ ಮತ. ಪ್ರತ್ಯಕ್ಷ ಪ್ರಮಾಣವನ್ನು ಕಮಾಂಡ್ ಲೈನ್ ಸಂಪ್ರದಾಯ ಒಪ್ಪುವುದಿಲ್ಲ.

ಪೂರ್ವಪಕ್ಷಿ ಸಿಎಂಪಿ ಎಂಬ ಕಮಾಂಡ್. 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಹೆಸರಿರುವ ಕಟ್ಟಾ ದ್ವೈತಿ. ಬೈಟಿಗೆ ಬೈಟು ಹಿಡಿದು ನೋಡುತ್ತದೆ. ಭೇದವಿಲ್ಲದಿದ್ದರೆ ತುಟಿ ಬಿಚ್ಚುವುದಿಲ್ಲ, ಇದ್ದರೆ ಮೊದಲ ಭೇದದ ಬೈಟ್ ಸಂಖ್ಯೆ, ಸಾಲಿನ ಸಂಖ್ಯೆ ಹೇಳಿ ಎದ್ದು ಹೋಗುತ್ತದೆ. ಮದುವೆ ಫೋಟೊದಲ್ಲಿ ಸಾಲು ಎಲ್ಲಿಂದ ಬಂತೆಂದು ಟೀಕಾಕಾರರಲ್ಲಿ ಜಗಳವಿದೆ. ಊಟದ ಸಾಲು ಎಂಬ ಅರ್ಥ ಕ್ಲಿಷ್ಟಕಲ್ಪನೆ. 10 ಎಂಬ ಬೆಲೆಯ ಬೈಟು ಎಲ್ಲಿ ಎದುರಾದರೂ ಸಿಎಂಪಿಗೆ ಅದು ಸಾಲಿನ ಕೊನೆಯೇ, ವಧುವಿನ ಸೀರೆಯ ಬಣ್ಣದಿಂದ ಹುಟ್ಟಿದ ಬೈಟಾದರೂ.

1974ರಲ್ಲಿ ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕಿಲ್ರಾಯ್ ಹೊರತಂದ ಡಿಫ್ ಪಠ್ಯದಲ್ಲಿ ಮಹಾಪಂಡಿತ. ಚಿತ್ರ ಕೊಟ್ಟರೆ ಬೈನರಿ ಫೈಲು, ಬೇರೆಬೇರೆ ಎಂದು ಒಂದೇ ಸಾಲು. ಸಾಹಿತ್ಯ ವಿಮರ್ಶಕನನ್ನು ಚಿತ್ರಪ್ರದರ್ಶನಕ್ಕೆ ಕರೆದರೂ ಇಷ್ಟೇ ತಾನೆ.

ಆಕ್ಷೇಪ: ಫೋಟೊ ತೆಗೆದ ದಿನಾಂಕ, ಕ್ಯಾಮೆರಾದ ಹೆಸರು ಫೈಲಿನೊಳಗೆ ಎಕ್ಸಿಫ್ ರೂಪದಲ್ಲಿ ಕೂತಿರುತ್ತವೆ. ದಿನಾಂಕ ತಿದ್ದಿದರೆ ಸಾಕು, ಒಂದು ಪಿಕ್ಸೆಲೂ ಕದಲದಿದ್ದರೂ ಸಿಎಂಪಿ ಭೇದ ಸಾರುತ್ತದೆ. ಉಪಾಧಿಯನ್ನೇ ವಸ್ತುವೆಂದು ಬಗೆದ ದೋಷವಿದು. ಚಿತ್ರ ತಂತ್ರಾಂಶವಾದ ಇಮೇಜ್‌ಮ್ಯಾಜಿಕ್‌ನ ಐಡೆಂಟಿಫೈ ಮಾತ್ರ, ಸರಿಯಾಗಿ ಕೇಳಿದರೆ, ಪಿಕ್ಸೆಲ್‌ಗಳಿಂದಷ್ಟೇ ಸಹಿ ತೆಗೆದುಕೊಡುತ್ತದೆ.

ಸಿದ್ಧಾಂತಿ ಕಂಪೇರ್. ಅದೇ ಮಠದ್ದು, ಆ ಮಠವೋ ಮೂಲಪುರುಷ ಜಾನ್ ಕ್ರಿಸ್ಟಿ 1987ರಲ್ಲಿ ಡುಪಾಂಟ್‌ನಲ್ಲಿದ್ದಾಗ ಬರೆಯತೊಡಗಿದ್ದು. ಎರಡು ಚಿತ್ರ ಕೊಟ್ಟರೆ ಮೂರನೆಯದನ್ನು ಹೆರುತ್ತದೆ, ಭೇದವಿದ್ದಲ್ಲೆಲ್ಲ ಕೆಂಪು. ಎಇ ಎಂಬ ಮಾನದಂಡ ಹಿಡಿಸಿದರೆ ಬೇರೆಯಾದ ಪಿಕ್ಸೆಲ್‌ಗಳ ತಲೆ ಎಣಿಸುತ್ತದೆ. ನಮ್ಮ ಫೋಟೊಗೆ ಹಚ್ಚಿದರೆ ವಧೂವರರು, ಪುರೋಹಿತರು, ಛತ್ರದ ಗೋಡೆ ಎಲ್ಲವೂ ಕೆಂಪು! ಜೆಪೆಗ್ ಮಹಾಜಿಪುಣ, ಚಿತ್ರವನ್ನು 8×8 ಪಿಕ್ಸೆಲ್ ಚೌಕಗಳಾಗಿ ಕಡಿದು, ಅಂಕಿಗಳನ್ನು ಒರಟಾಗಿ ಪೂರ್ಣಾಂಕ ಮಾಡಿ ಜಾಗ ಉಳಿಸುತ್ತದೆ. ಮತ್ತೆ ಕುಗ್ಗಿಸಿದಾಗ ಹೆಚ್ಚುಕಡಿಮೆ ಪ್ರತಿ ಪಿಕ್ಸೆಲೂ ಕೂದಲೆಳೆಯಷ್ಟು ಸರಿದಿರುತ್ತದೆ, ಕಣ್ಣಿಗೆ ಕಾಣದಷ್ಟು.

ಇಲ್ಲಿ ಫಝ್ ಎಂಬ ಆಯ್ಕೆಯ ಅವತಾರ. ಶೇ. 5 ಎಂದರೆ ಅಷ್ಟರೊಳಗಿನ ಬಣ್ಣದ ಅಂತರ ಕ್ಷಮ್ಯ. ಕೆಂಪು ಇಳಿದು ಜರಿಯಂಚು, ಹೂಮಾಲೆಗಳ ಬಳಿ ಅಲ್ಲಲ್ಲಿ ಉಳಿದೀತು. ವಿವೇಕಿಗಳು ಇಲ್ಲಿಗೇ ನಿಲ್ಲಿಸುತ್ತಾರೆ. ಶೇ. 100 ಎಂದವರಿಗೆ ಮದುವೆಯ ಫೋಟೊವೂ ಅದೇ ಅಳತೆಯ ಎಮ್ಮೆಯ ಫೋಟೊವೂ ಒಂದೇ, ಕೇವಲಾದ್ವೈತ. ವರನ ಕಡೆಯವರ ಮುಂದೆ ಇದನ್ನು ಪ್ರಯೋಗಿಸಬಾರದೆಂದು ವೃದ್ಧರ ವಚನ.

ಉಳಿದದ್ದು ಫಲವಿಚಾರ. ಸಿಎಂಪಿ, ಕಂಪೇರ್ ಇಬ್ಬರೂ ಜಗಳ ಮರೆತು ಒಪ್ಪುವ ಅಂಶ ಒಂದುಂಟು: ಹೊರಡುವಾಗ ಅಭೇದಕ್ಕೆ 0, ಭೇದಕ್ಕೆ 1 ಕೊಟ್ಟು ಹೋಗುತ್ತಾರೆ. 2 ಬಂದರೆ ಅದೂ ಅಲ್ಲ, ಇದೂ ಅಲ್ಲ, ಅನಿರ್ವಚನೀಯ. ಇದರ ಮೇಲೆ ಶಿಷ್ಯರು ರಾತ್ರಿಯಿಡೀ ವಾದಿಸಬಹುದು. ಬಹುಮಟ್ಟಿಗೆ ಫೈಲಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿರುತ್ತದೆ.