ಎಂದೂ ತಪ್ಪದ ತಂತ್ರಾಂಶಕ್ಕೊಂದು ಬಹಿರಂಗ ಪತ್ರ

ಘನತೆವೆತ್ತ ಹೊರೈಝನ್ ತಂತ್ರಾಂಶದ ಸನ್ನಿಧಾನಕ್ಕೆ,

ಬ್ರಿಟನ್ನಿನ ಪೋಸ್ಟ್ ಆಫೀಸ್ ಸಂಸ್ಥೆ ತಮ್ಮನ್ನು ಊರೂರಿನ ಕೌಂಟರುಗಳಲ್ಲಿ ಪ್ರತಿಷ್ಠಾಪಿಸತೊಡಗಿದ್ದು 1999ರಲ್ಲಿ. ಕಾಗದದಲ್ಲಿ ಲೆಕ್ಕ ಬರೆಯುತ್ತಿದ್ದ ಸಬ್ ಪೋಸ್ಟ್‌ಮಾಸ್ತರರು ಅಂದಿನಿಂದ ತಾವು ತೋರಿಸಿದ ಮೊತ್ತಕ್ಕೆ ಗಲ್ಲಾಪೆಟ್ಟಿಗೆಯನ್ನು ತಾಳೆ ಹಾಕಬೇಕಾಯಿತು. ತಾಳೆಯಾಗದಿದ್ದರೆ? ಕರಾರು ತೋರಿಸಿ ಪೋಸ್ಟ್ ಆಫೀಸ್ ಹೇಳುತ್ತಿತ್ತು, ಕೊರತೆ ತುಂಬುವವರು ಅವರೇ ಎಂದು.

ತಮ್ಮ ಮಹಿಮೆ ಅಪಾರ. ಹ್ಯಾಂಪ್‌ಶೈರಿನ ಸಬ್ ಪೋಸ್ಟ್‌ಮಾಸ್ತರ್ ಜೋ ಹ್ಯಾಮಿಲ್ಟನ್ ಸುಮಾರು 2,000 ಪೌಂಡಿನ ಕೊರತೆ ಕಂಡು ಗಾಬರಿಯಾಗಿ ಸಹಾಯವಾಣಿಗೆ ಫೋನ್ ಮಾಡಿದರು. ಅಲ್ಲಿಂದ ಹೇಳಿದಂತೆ ಗುಂಡಿ ಒತ್ತಿದ್ದೇ ತಡ, ಕೊರತೆ ಕಣ್ಣೆದುರೇ ಇಮ್ಮಡಿಯಾಯಿತು. 2015ರಲ್ಲಿ ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್‌ನಲ್ಲಿ ತಮ್ಮ ಪರದೆ ಅಲ್ಲಾಡದೆ ನಿಂತಿತು. ಎಂಟರ್ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದ್ದಕ್ಕೆ ತಾವು 8,000 ಪೌಂಡನ್ನು ನಾಲ್ಕು ಬಾರಿ ಬರೆದುಕೊಂಡಿರಿ. ಇಲ್ಲದ 24,000 ಪೌಂಡು ಪುಸ್ತಕದಲ್ಲಿ ಹುಟ್ಟಿತು. ದ್ರೌಪದಿಯ ಅಕ್ಷಯಪಾತ್ರೆ ಅನ್ನ ಹೆಚ್ಚಿಸಿತ್ತು, ತಾವು ಸಾಲ ಹೆಚ್ಚಿಸಿದಿರಿ.

ಇನ್ನು ತಮ್ಮ ಅದೃಷ್ಟ! ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಮೊದಲು ರುಜುವಾತುಪಡಿಸಿದ ಮೇಲಷ್ಟೇ ಅದರ ಸಾಕ್ಷ್ಯ ಒಪ್ಪಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿತ್ತು. ಅದನ್ನು ಕಿತ್ತುಹಾಕುವ ಕಾಯ್ದೆ ಪಾಸಾದದ್ದೂ 1999ರಲ್ಲೇ. ಸಾಲದ್ದಕ್ಕೆ ಪೋಸ್ಟ್ ಆಫೀಸಿಗೆ ತಾನೇ ದೂರು ಕೊಟ್ಟು, ತಾನೇ ತನಿಖೆ ಮಾಡಿ, ತಾನೇ ಮೊಕದ್ದಮೆ ನಡೆಸುವ ಅವಕಾಶವಿತ್ತು. 2015ರ ಹೊತ್ತಿಗೆ 900ಕ್ಕೂ ಹೆಚ್ಚು ಮಂದಿ ಇಂಥ ಕೊರತೆಗಳ ಹೆಸರಿನಲ್ಲಿ ಅಪರಾಧಿಗಳೆನಿಸಿದ್ದರು. ಭಾರತೀಯ ಮೂಲದ ಸೀಮಾ ಮಿಶ್ರಾ ಅವರಿಗೆ 2010ರಲ್ಲಿ 15 ತಿಂಗಳ ಶಿಕ್ಷೆಯಾದಾಗ ಅವರು ಗರ್ಭಿಣಿ. ಮಗನಿಗೆ ಅಂದೇ ಹತ್ತನೇ ಹುಟ್ಟುಹಬ್ಬ.

ತಮ್ಮ ಮೇಲೆ ಮಾತ್ರ ಒಂದು ಕೇಸೂ ಬೀಳಲಿಲ್ಲ.

ಶಾಖೆಯ ಲೆಕ್ಕವನ್ನು ಶಾಖೆಯವರಲ್ಲದೆ ಬೇರೆ ಯಾರೂ ಮುಟ್ಟಲಾರರೆಂದು ಪ್ರಧಾನ ಕಚೇರಿ ವರ್ಷಗಟ್ಟಲೆ ಸಾಧಿಸಿತು. ಅತ್ತ ಬ್ರಾಕ್ನೆಲ್‌ನಲ್ಲಿ ಕೂತ, ತಮ್ಮನ್ನು ನಡೆಸುತ್ತಿದ್ದ ಫುಜಿತ್ಸು ಕಂಪನಿಯ ಸಿಬ್ಬಂದಿ ಶಾಖೆಗೆ ಸುಳಿವೇ ಸಿಗದಂತೆ ಅದರೊಳಗೆ ಕೈಯಾಡಿಸಬಹುದಿತ್ತು. ತೊಂದರೆ ಹೇಳಿಕೊಂಡವರಲ್ಲಿ ಎಷ್ಟೋ ಮಂದಿಗೆ ಸಿಕ್ಕ ಉತ್ತರ ಒಂದೇ: ಇದು ನಿಮ್ಮೊಬ್ಬರದೇ ಸಮಸ್ಯೆ. ಶಾಖೆಗಳು ಒಂದರೊಡನೊಂದು ಮಾತಾಡಿಕೊಳ್ಳದಷ್ಟು ಕಾಲ ಈ ಉತ್ತರ ಸಲೀಸಾಗಿ ನಡೆಯಿತು.

ಮಾತಾಡಿಸಿದವರು ವೇಲ್ಸಿನ ಆಲನ್ ಬೇಟ್ಸ್. ತಮ್ಮ ಲೆಕ್ಕ ಒಪ್ಪದೆ 2003ರಲ್ಲಿ ಅಂಚೆ ಕಚೇರಿಯನ್ನೇ ಕಳೆದುಕೊಂಡ ಈ ಮನುಷ್ಯ, ಒಟ್ಟು 555 ಮಂದಿಯ ಗುಂಪಿನಲ್ಲಿ ಒಬ್ಬರಾಗಿ ಹೈಕೋರ್ಟ್ ಹತ್ತಿದರು. ತಮ್ಮಲ್ಲಿ ದೋಷವೇ ಇಲ್ಲವೆಂಬ ಪೋಸ್ಟ್ ಆಫೀಸಿನ ಹಟ ಭೂಮಿ ಚಪ್ಪಟೆಯೆಂದು ವಾದಿಸಿದಂತಿದೆ ಎಂದು 2019ರಲ್ಲಿ ನ್ಯಾಯಮೂರ್ತಿ ಫ್ರೇಸರ್ ಬರೆದರು. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ 39 ಮಂದಿಯ ಶಿಕ್ಷೆಯನ್ನು ಒಟ್ಟಿಗೇ ರದ್ದುಮಾಡಿತು. ಹ್ಯಾಮಿಲ್ಟನ್, ಮಿಶ್ರಾ ಇಬ್ಬರೂ ಅದರಲ್ಲಿದ್ದರು. ಉಳಿದವರಿಗಾಗಿ 2024ರಲ್ಲಿ ಪಾರ್ಲಿಮೆಂಟೇ ಕಾಯ್ದೆ ತರಬೇಕಾಯಿತು. ಆ ವರ್ಷವೂ ತಾವು ಕೌಂಟರಿನಲ್ಲಿ ಸೇವೆಯಲ್ಲಿದ್ದಿರಿ.

ಇತಿ,
ತಾಳೆಯಾಗದ ಲೆಕ್ಕದ ಪರವಾಗಿ

ಪ್ರತಿ: ಶಾಖೆಗಳಿರುವ ಎಲ್ಲ ಸಂಸ್ಥೆಗಳ ಪ್ರಧಾನ ಕಚೇರಿಗಳಿಗೆ. ಕೊರತೆಯ ನೋಟಿಸು ಕಳಿಸುವ ಮುನ್ನ ತಂತ್ರಾಂಶದ ದೋಷಗಳ ಪಟ್ಟಿಯನ್ನೂ, ಲೆಕ್ಕದೊಳಗೆ ಯಾರು ಯಾವಾಗ ಹೊಕ್ಕರೆಂಬ ದಾಖಲೆಯನ್ನೂ ಶಾಖೆಯವರ ಕೈಗೆ ಕೊಡಬೇಕಾಗಿ ಕೋರಿಕೆ.